ಮೂರನೇ ಗೌನು

ಸಿಳ್ಳೆಗೆ ಮೂರನೇ ಗೌನು ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಕೆಲಸವಿತ್ತು, ಗಂಡನಿದ್ದ, ಮನೆಯಲ್ಲಿ ಮಗು ನೋಡಿಕೊಳ್ಳಲು ಅತ್ತೆ ಇದ್ದಳು. ಮೂರು ತಿಂಗಳ ಹೆಣ್ಣುಮಗು ಇತ್ತು. ಆ ಮಗು ಕುಡಿದು ಮಿಗುವಷ್ಟು ಹಾಲು ಎದೆಯಲ್ಲಿತ್ತು. ಇಲ್ಲದ್ದು ಗೌನು ಒಂದೇ. ಅದನ್ನು ಕೊಡಬೇಕಾದವಳು ಗೌನಕ್ಕ. ಕೊಡದೆ ಇದ್ದವಳೂ ಅವಳೇ.

ಅದು ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆ. ಒಳಗೆ ಧೂಳು ಹೋಗಬಾರದು, ಕೂದಲು ಹೋಗಬಾರದು, ಬೆವರು ಬೀಳಬಾರದು. ಮನುಷ್ಯರು ಹೋಗಬಹುದು, ಆದರೆ ಮನುಷ್ಯರ ಹಾಗೆ ಹೋಗುವಂತಿಲ್ಲ. ಬಟ್ಟೆ ಬದಲಿಸುವ ಕೋಣೆಯ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಬೆಂಚು. ಈಚೆ ಕೊಳೆ, ಆಚೆ ಚೊಕ್ಕ. ಈಚೆ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕೂತು, ಕಾಲು ನೆಲಕ್ಕೆ ತಾಗದ ಹಾಗೆ ಎತ್ತಿ ಆಚೆ ಹಾಕಬೇಕು. ಮೊಣಕೈವರೆಗೆ ತೊಳೆಯಬೇಕು. ಬಳೆ, ಓಲೆ, ಉಗುರುಬಣ್ಣ ಯಾವುದೂ ಇರಬಾರದು. ಟೋಪಿ, ಮಾಸ್ಕು, ಗ್ಲೌಸು, ಕುತ್ತಿಗೆಯಿಂದ ಪಾದದವರೆಗೆ ಬಿಳಿ ಗೌನು. ಆಮೇಲೆ ಗಾಜಿನ ಬಾಗಿಲಿನ ಗಾಳಿ ಕೋಣೆಯಲ್ಲಿ ಅರ್ಧ ನಿಮಿಷ ನಿಂತು ನಾಲ್ಕೂ ಕಡೆಯಿಂದ ಗಾಳಿ ಹೊಡೆಸಿಕೊಳ್ಳಬೇಕು.

ಒಮ್ಮೆ ಹೊರಗೆ ಬಂದರೆ ಆ ಗೌನಿನ ಕತೆ ಮುಗಿಯಿತು, ಅದು ಒಗೆಯಲು ಹೋಗಬೇಕು. ಒಬ್ಬಳಿಗೆ ದಿನಕ್ಕೆ ಎರಡು ಗೌನು. ಬೆಳಿಗ್ಗೆ ಏಳಕ್ಕೆ ಒಂದು, ಊಟ ಮುಗಿಸಿ ಹನ್ನೊಂದಕ್ಕೆ ಇನ್ನೊಂದು. ಅಲ್ಲಿಂದ ನಾಲ್ಕರವರೆಗೆ ಆ ಗೌನಿನಲ್ಲೇ ಇರಬೇಕು. ಮೂರನೆಯದು ಬೇಕಾದರೆ ಸೂಪರ್‌ವೈಸರ್ ಚೀಟಿ ಬರೆಯಬೇಕು. ಚೀಟಿಯಲ್ಲಿ ಕಾರಣಗಳು ಮೊದಲೇ ಅಚ್ಚಾಗಿದ್ದವು. ವಾಂತಿ, ರಕ್ತ, ಗೌನು ಹರಿದದ್ದು. ಹಾಲು ಎಂದು ಅಚ್ಚಾಗಿರಲಿಲ್ಲ.

ಗೌನಕ್ಕ ಮೊದಲು ಆರು ವರ್ಷ ಲೈನಿನಲ್ಲಿ ಮಾತ್ರೆ ಜೋಡಿಸಿದವಳು. ಆಮೇಲೆ ಹತ್ತೊಂಬತ್ತು ವರ್ಷದಿಂದ ಬೆಂಚಿನ ಪಕ್ಕ ಕೂತು ಗೌನು ಕೊಡುತ್ತಿದ್ದಳು, ಸಂಜೆ ಎಣಿಸಿ ಗಂಟು ಕಟ್ಟುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಗೌನೂ ಲೆಕ್ಕ ತಪ್ಪಿರಲಿಲ್ಲ. ಅದು ಅವಳ ಹೆಮ್ಮೆ. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು.

ಸಿಳ್ಳೆ ಎರಡನೇ ಲೈನಿನವಳು. ಮಾಸ್ಕಿನೊಳಗೆ ಸಿಳ್ಳೆ ಹಾಕುತ್ತಿದ್ದಳು. ಮೂವತ್ತು ಜನ, ಮೂವತ್ತು ಮಾಸ್ಕು, ಯಾರೆಂದು ಗೊತ್ತಾಗುವುದಿಲ್ಲ. ಸೂಪರ್‌ವೈಸರ್ ಒಂದು ವರ್ಷ ಹುಡುಕಿ ಸೋತ. ಅವನ ಕಣ್ಣು ಯಾವಾಗಲೂ ಗೋಡೆಯ ಗಡಿಯಾರದ ಮೇಲೆಯೇ ಇರುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂದು ಹೆಸರು. ಹೆಂಗಸರಿಗೆಲ್ಲ ಸಿಳ್ಳೆ ಯಾರೆಂದು ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ.

ಬಾಣಂತನ ಮುಗಿಸಿ ಬಂದ ಎರಡನೆಯ ದಿನ ಅವಳು ಬೆಂಚಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು.

“ಅಕ್ಕಾ, ಎರಡು ಗಂಟೆ ಹೊತ್ತಿಗೆ ಒಂದು ಸಲ ಹೊರಗೆ ಬರ್ತೀನಿ. ಹಿಂಡಿ ಚೆಲ್ಲಿ ಹೋಗ್ತೀನಿ. ಇನ್ನೊಂದು ಗೌನು ಇಟ್ಟಿರ್ತೀರಾ?”

“ಚೀಟಿ ತಗೊಂಡು ಬಾ, ಕೊಡ್ತೀನಿ.”

“ಕೇಳ್ದೆ. ‘ವಾಂತಿ ಆಗಿದ್ಯಾ’ ಅಂದ. ಇಲ್ಲ ಅಂದೆ. ‘ಹಾಗಾದ್ರೆ ಏನೂ ಆಗಿಲ್ಲ, ಹೋಗು’ ಅಂದ.”

“ವಾಂತಿ ಆಗಿದೆ ಅನ್ಬೇಕಿತ್ತು, ಪೆದ್ದಿ.”

“ದಿನಾ ವಾಂತಿ ಆದ್ರೆ ಮತ್ತೆ ಬಸುರಿ ಅಂತ ಮನೆಗೆ ಕಳಿಸ್ತಾನೆ.”

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಸಿಳ್ಳೆ ಹೋಗಲಿಲ್ಲ. ಊಟದ ಹೊತ್ತಿನಲ್ಲಿ ಕಕ್ಕಸಿನೊಳಗೆ ನಿಂತು ಹಿಂಡುತ್ತೇನೆ, ಹೊರಗೆ ಸಾಲು ನಿಂತವರು ಬಾಗಿಲು ಬಡಿಯುತ್ತಾರೆ, ಬಡಿದ ಕೂಡಲೇ ಹಾಲು ನಿಂತುಬಿಡುತ್ತದೆ ಎಂದಳು. ಆಮೇಲೆ ಓಣಿಯ ಕೊನೆಯ ಬಾಗಿಲು ತೋರಿಸಿದಳು.

“ಆ ಕೋಣೆ ಯಾವಾಗ ತೆಗೀತಾರೆ?”

ಬಾಗಿಲ ಮೇಲೆ ‘ತಾಯಿ-ಮಗು ಕೊಠಡಿ’ ಎಂದು ಹಲಗೆ ಇತ್ತು. ಮಗುವನ್ನು ಎತ್ತಿಕೊಂಡ ಹೆಂಗಸಿನ ಚಿತ್ರವೂ ಇತ್ತು. ಒಳಗೆ ತಾಯಿ ಇರಲಿಲ್ಲ, ಮಗು ಇರಲಿಲ್ಲ. ಸೂರಿನವರೆಗೆ ಗೌನಿನ ಗಂಟುಗಳು. ಎರಡು ವರ್ಷದ ಹಿಂದೆ ಗಂಟುಗಳು ನೀರಿನ ಪೈಪಿನ ಪಕ್ಕ ಬಿದ್ದು ಬೂಷ್ಟು ಹಿಡಿಯುತ್ತಿದ್ದವು. ‘ಆ ಕೋಣೆ ಸುಮ್ನೆ ಖಾಲಿ ಬಿದ್ದಿದೆ, ಅಲ್ಲಿ ಇಡ್ಲಾ ಮೇಡಂ?’ ಎಂದು ಗೌನಕ್ಕನೇ ಎಚ್‌ಆರ್ ಮೇಡಂ ಹತ್ತಿರ ಹೋಗಿ ಕೇಳಿದ್ದಳು. ಮೇಡಂಗೆ ಖುಷಿಯೋ ಖುಷಿ. ಆ ವರ್ಷದ ಒಳ್ಳೆಯ ಸಲಹೆ ಎಂದು ಎಲ್ಲರೆದುರು ಚಪ್ಪಾಳೆ ತಟ್ಟಿಸಿ ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು.

“ಅದು ಸ್ಟೋರು,” ಎಂದಳು ಗೌನಕ್ಕ. “ನಾವೂ ಹೆತ್ತಿದ್ದೀವಿ. ನಮಗೆ ಯಾವ ಕೋಣೆ ಇತ್ತು? ಹೋಗು, ಲೈನು ಶುರುವಾಗುತ್ತೆ.”

ಸಿಳ್ಳೆ ಮರುದಿನ ಕೇಳಿದಳು. ಅದರ ಮರುದಿನವೂ ಕೇಳಿದಳು. ಗೌನಕ್ಕ ಮರುದಿನವೂ ಕೊಡಲಿಲ್ಲ, ಅದರ ಮರುದಿನವೂ ಕೊಡಲಿಲ್ಲ.

ಆರನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಲೈನು ನಿಂತಿತು. ಸಿಳ್ಳೆಯ ಗೌನಿನ ಎದೆಯ ಮೇಲೆ ಎರಡು ಒದ್ದೆ ಕಲೆ. ಅಂಗೈಯಷ್ಟಗಲ. ಪಕ್ಕದವಳು ಕಣ್ಸನ್ನೆ ಮಾಡಿದಳು. ಸಿಳ್ಳೆ ಮೊಣಕೈಯಿಂದ ಒತ್ತಿ ಹಿಡಿದಳು. ಒತ್ತಿದಷ್ಟೂ ಬಂತು. ಒಂದು ಹನಿ ಬೆಲ್ಟಿನ ಮೇಲೆ ಬಿತ್ತು. ಗಡಿಯಾರ ಓಡಿಬಂದ.

“ಇದು ಮಾತ್ರೆ ಕಾರ್ಖಾನೆ. ಹಾಲಿನ ಡೈರಿ ಅಲ್ಲ.”

ಯಾರೂ ನಗಲಿಲ್ಲ. ಅವನು ಅಷ್ಟಕ್ಕೇ ಬಿಡಲಿಲ್ಲ. ಅವಳನ್ನು ಬೆಲ್ಟಿನ ತುದಿಗೆ ಕರೆದು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ. ಕಲೆ ಎಲ್ಲಿಂದ ಎಲ್ಲಿಗಿದೆ ಎಂದು ಪೆನ್ನಿನಿಂದ ತೋರಿಸಿದ. ಮುಟ್ಟಲಿಲ್ಲ. ಒಂದು ಬೆರಳಗಲ ದೂರದಿಂದ ತೋರಿಸಿದ. “ಇಂಥದ್ದಿದ್ದರೆ ಮನೇಲಿರಬೇಕು,” ಎಂದ. ಆವತ್ತಿನ ಮಾತ್ರೆಯನ್ನೆಲ್ಲ ಚೀಲಕ್ಕೆ ತುಂಬಿ ಸುಡಲು ಕಳಿಸಿದರು. ಲೈನಿನ ಮೂವತ್ತು ಜನರನ್ನೂ ಅದಕ್ಕಾಗಿ ಆರು ಗಂಟೆಯವರೆಗೆ ನಿಲ್ಲಿಸಿಕೊಂಡರು. ಸಂಜೆ ಬೆಂಚು ದಾಟುವಾಗ ಅವಳ ಪಕ್ಕ ಯಾರೂ ಕೂರಲಿಲ್ಲ. “ನಿನ್ನ ಹಾಲಿಗೆ ನನ್ನ ಬಸ್ಸು ಹೋಯ್ತಲ್ಲೇ ತಾಯಿ,” ಎಂದಳೊಬ್ಬಳು.

ಎಲ್ಲ ಹೋದ ಮೇಲೆ ಸಿಳ್ಳೆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. “ಇನ್ನೊಂದು ಸಲ ಆದ್ರೆ ತೆಗೀತಾರಂತೆ ಅಕ್ಕಾ. ನನ್ನ ಗಂಡನಿಗೆ ನಾಲ್ಕು ತಿಂಗಳಿಂದ ಕೆಲಸ ಇಲ್ಲ.”

ಗೌನಕ್ಕನಿಗೆ ಕರುಳು ಚುರ್ ಎಂದಿತು. ನಿಜವಾಗಿಯೂ ಎಂದಿತು. ಆಮೇಲೆ ಅದನ್ನು ನೆನೆದು ಅವಳು ಹೇಸಿದ್ದು ಅದಕ್ಕೇ.

“ನಾಳೆ ಹತ್ತು ನಿಮಿಷ ಮುಂಚೆ ಬಾ,” ಎಂದಳು. “ನಾನೊಂದು ಉಪಾಯ ಮಾಡ್ತೀನಿ.”

ಉಪಾಯ ಹಳೆಯದು. ಗೌನಕ್ಕ ಲೈನಿನಲ್ಲಿದ್ದಾಗ, ಮಗ ಎರಡು ತಿಂಗಳ ಕೂಸಾಗಿದ್ದಾಗ, ಆಗಿನ ಗೌನಿನವಳು ಅವಳಿಗೆ ಮಾಡಿದ್ದು ಅದನ್ನೇ. ಮರುದಿನ ಬೆಳಿಗ್ಗೆ ಗೌನಕ್ಕ ಮನೆಯಿಂದ ಹಳೆಯ ದುಪ್ಪಟಿ ತಂದು ಗೇಣಗಲಕ್ಕೆ ಹರಿದಳು. ಸಿಳ್ಳೆ ಮೇಲಿನ ಬಟ್ಟೆ ತೆಗೆದು ಗೋಡೆಗೆ ಮುಖ ಮಾಡಿ ನಿಂತಳು. ಗೌನಕ್ಕ ಎದೆಯ ಸುತ್ತ ಪಟ್ಟಿ ಸುತ್ತಿದಳು. ಒಂದು, ಎರಡು, ಮೂರು ಸುತ್ತು. ಮಂಡಿಯನ್ನು ಅವಳ ಬೆನ್ನಿಗೆ ಕೊಟ್ಟು ಎರಡೂ ಕೈಯಲ್ಲಿ ಎಳೆದಳು.

“ಅಯ್ಯೋ! ಉಸಿರಾಡಕ್ಕಾದ್ರೂ ಬಿಡಿ ಅಕ್ಕಾ.”

“ಉಸಿರು ಹೊಟ್ಟೇಲಿ ಆಡು. ಒಂದು ವಾರ ಹಲ್ಲು ಕಚ್ಚಿ ತಡ್ಕೋ. ಆಮೇಲೆ ಅದೇ ಒಗ್ಗಿಕೊಳ್ಳುತ್ತೆ.”

“ನಿಮಗೆ ಒಗ್ಗಿತ್ತಾ?”

“ಒಗ್ಗದೆ? ಒಂದು ಹನಿ ಗೌನಿಗೆ ತಾಗಲಿಲ್ಲ ನಂದು.”

ಗಂಟನ್ನು ಬೆನ್ನ ಮೇಲೆ ಹಾಕಿದಳು. ಮುಂದೆ ಹಾಕಿದರೆ ಗೌನು ಉಬ್ಬಿ ಕಾಣುತ್ತದೆ. ಆವತ್ತು ಕಲೆ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಗಡಿಯಾರ ಎರಡು ಸಲ ಬಂದು ಎದೆ ನೋಡಿ ಹೋದ. ದಿನಾ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಅವಳು ಬರುವುದು, ಇವಳು ಕಟ್ಟುವುದು. ತಾನು ಒಂದು ಕೆಲಸ ಉಳಿಸಿದೆ ಎಂದು ಗೌನಕ್ಕ ಅಂದುಕೊಂಡಳು.

ಕಟ್ಟಲು ಶುರುಮಾಡಿದ ಎಂಟನೆಯ ದಿನ ಪಟ್ಟಿ ಸುತ್ತುವಾಗ ಸಿಳ್ಳೆಯ ಮೈ ಸುಡುತ್ತಿತ್ತು. ಎಡಗಡೆ ಕಲ್ಲಿನ ಹಾಗಿತ್ತು. ಬೆರಳು ತಾಗಿದರೆ ಸಾಕು, ಕಿರುಚಿಕೊಳ್ಳುತ್ತಿದ್ದಳು.

“ಅಕ್ಕಾ, ಇವತ್ತೊಂದು ದಿನ ಬೇಡ. ಒಂದು ಗೌನು ಕೊಡಿ. ಒಂದೇ ಒಂದು. ನಾಳೆ ಕೇಳಲ್ಲ.”

ಗೌನಕ್ಕನ ಬಲಗೈಗೆ ಎಟುಕುವಲ್ಲಿ ಗೌನಿನ ರಾಶಿ ಇತ್ತು. ಒಂದು ತೆಗೆದುಕೊಟ್ಟರೆ ಸಂಜೆ ಒಂದು ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದರೆ ಯಾಕೆಂದು ಬರೆಯಬೇಕು. ಹತ್ತೊಂಬತ್ತು ವರ್ಷದಲ್ಲಿ ಬರೆದಿರಲಿಲ್ಲ.

“ಹಾಲು ಕಟ್ಟಿದಾಗ ಹೀಗೇ ಆಗೋದು. ನನಗೂ ಜ್ವರ ಬಂದಿತ್ತು,” ಎಂದಳು. ಮತ್ತು ಎಳೆದಳು. ಹಿಂದಿನ ದಿನಕ್ಕಿಂತ ಬಿಗಿಯಾಗಿ ಎಳೆದಳು.

ಹನ್ನೊಂದನೆಯ ದಿನ ಸಿಳ್ಳೆ ಗಾಳಿ ಕೋಣೆಯೊಳಗೆ ಬಿದ್ದಳು. ಆ ಕೋಣೆಯ ಎರಡು ಬಾಗಿಲೂ ಗಾಳಿ ನಿಲ್ಲುವವರೆಗೆ ತೆರೆಯುವುದಿಲ್ಲ. ಗಾಜಿನ ಆಚೆ ಅವಳು ಮಗ್ಗುಲಾಗಿ ಬಿದ್ದಿದ್ದಳು. ಗಾಳಿಗೆ ಗೌನು ಪಟಪಟ ಹೊಡೆದುಕೊಳ್ಳುತ್ತಿತ್ತು. ಗೌನಕ್ಕ ಗಾಜು ಬಡಿದಳು. ಗುದ್ದಿದಳು. ಅರ್ಧ ನಿಮಿಷ ಅವಳಿಗೆ ಬೇರೆ ಏನೂ ಮಾಡಲಾಗಲಿಲ್ಲ.

ಕಾರ್ಖಾನೆಯ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಗೌನಕ್ಕ ಗಂಟು ಬಿಚ್ಚಲು ನೋಡಿದಳು. ತಾನೇ ಹಾಕಿದ ಗಂಟು ತನಗೇ ಬಿಚ್ಚಲು ಬರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕತ್ತರಿಯಿಂದ ಕತ್ತರಿಸಿದಳು. ಪಟ್ಟಿ ಚರ್ಮದಲ್ಲಿ ಇಳಿದ ಕಡೆ ಕೆಂಪು ಗೀರುಗಳಾಗಿದ್ದವು. ಎಡ ಎದೆ ಊದಿ ಹೊಳೆಯುತ್ತಿತ್ತು.

“ಯಾರಮ್ಮ ಇದನ್ನ ಕಟ್ಟಿದ್ದು?”

ಸಿಳ್ಳೆ ಕಣ್ಣು ಬಿಡದೆ, “ನಾನೇ,” ಎಂದಳು.

“ಗಂಟು ಬೆನ್ನ ಮೇಲಿದೆಯಲ್ಲ?”

“ಮುಂದೆ ಹಾಕಿ ಹಿಂದಕ್ಕೆ ತಿರುಗಿಸ್ಕೊಂಡೆ.”

ನರ್ಸ್ ಗೌನಕ್ಕನ ಕಡೆ ನೋಡಿದಳು. ಗೌನಕ್ಕ ನೆಲ ನೋಡಿದಳು.

“ಹಾಲು ತುಂಬಿದ ಎದೆ ಹೀಗೆ ಬಿಗಿದ್ರೆ ಕೀವಾಗದೆ ಇನ್ನೇನಾಗುತ್ತೆ? ಕೀವಾಗದಿದ್ರೂ ಹಾಲು ಬತ್ತಿಹೋಗುತ್ತೆ. ಕೂಸು ಸತ್ತವರಿಗೆ ಹಾಲು ನಿಲ್ಸೋಕೆ ಹಿಂದೆ ಹೀಗೆ ಕಟ್ತಿದ್ರು. ಬದುಕಿರೋ ಮಗು ಇಟ್ಕೊಂಡು ಯಾರಾದ್ರೂ ಕಟ್ಕೋತಾರಾ?”

ಗೌನಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳಿಗೂ ಒಂಬತ್ತು ದಿನದಲ್ಲಿ ಹಾಲು ನಿಂತಿತ್ತು. ‘ನಿನ್ನ ಮೈಯಲ್ಲೇ ಹಾಲಿಲ್ಲ, ಒಣ ಕಟ್ಟಿಗೆ,’ ಎಂದಿದ್ದಳು ಅತ್ತೆ. ಇಪ್ಪತ್ತನಾಲ್ಕು ವರ್ಷ ಗೌನಕ್ಕ ಅದನ್ನು ನಂಬಿದ್ದಳು. ಮಗನಿಗೆ ಚಿಕ್ಕಂದಿನಲ್ಲಿ ಕೆಮ್ಮು ಬಂದಾಗಲೆಲ್ಲ ತನ್ನ ಒಣ ಮೈಯನ್ನು ಬೈದುಕೊಂಡಿದ್ದಳು. ಮೈ ಒಣಗಿರಲಿಲ್ಲ. ಕಟ್ಟಿ ಒಣಗಿಸಿದ್ದರು. ಆ ಕಟ್ಟುವ ವಿದ್ಯೆಯನ್ನು ಅವಳು ಉಪಕಾರವೆಂದು ಕಲಿತಿದ್ದಳು.

ಮರುದಿನ ಸಿಳ್ಳೆಯ ಎದೆ ಕೊಯ್ದು ಕೀವು ತೆಗೆದರು.

ವಾರ ಕಳೆದು ಎಚ್‌ಆರ್ ಮೇಡಂ ಗೌನಕ್ಕನನ್ನು ಕರೆಸಿದರು. ಕುರ್ಚಿ ಕೊಟ್ಟರು. ಇಪ್ಪತ್ತೈದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

“ಅಕ್ಕಾ, ಆಸ್ಪತ್ರೆಯವರು ಕಾರ್ಮಿಕ ಇಲಾಖೆಗೆ ಬರೆದಿದ್ದಾರೆ. ನಾಡಿದ್ದು ಅಧಿಕಾರಿ ಬರ್ತಾರೆ. ನೀವು ಆ ಕೋಣೆ ಖಾಲಿ ಮಾಡ್ಕೊಡಿ. ಕುರ್ಚಿ, ಪರದೆ ಎಲ್ಲ ತರಿಸಿದ್ದೀವಿ. ಮತ್ತೆ ಇದಕ್ಕೊಂದು ಸೈನ್ ಮಾಡಿ.”

ಕಾಗದದಲ್ಲಿ ಬರೆದಿತ್ತು. ಕೊಠಡಿ ಯಾವಾಗಲೂ ತೆರೆದಿತ್ತು. ಸದರಿ ಕೆಲಸಗಾರ್ತಿ ಬಿಡುವನ್ನಾಗಲಿ ಗೌನನ್ನಾಗಲಿ ಎಂದೂ ಕೇಳಲಿಲ್ಲ. ತಾನೇ ಎದೆ ಬಿಗಿದುಕೊಂಡು, ಜ್ವರ ಮುಚ್ಚಿಟ್ಟು, ಚೊಕ್ಕ ಕೋಣೆಯೊಳಗೆ ಬಂದು ನಿಯಮ ಮುರಿದಳು. ಆದ್ದರಿಂದ ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ, ಕಣ್ಣಾರೆ ಕಂಡವರು ಎಂಬಲ್ಲಿ ಗೌನಕ್ಕನಿಗೆ ಜಾಗ ಬಿಟ್ಟಿದ್ದರು.

“ಅವಳೇ ಆಸ್ಪತ್ರೆಯಲ್ಲಿ ಹಾಗಂತ ಹೇಳಿದ್ದಾಳೆ,” ಎಂದರು ಮೇಡಂ. “ನೀವು ಹೊಸದಾಗಿ ಏನೂ ಹೇಳ್ತಾ ಇಲ್ಲ.”

“ಕನ್ನಡಕ ತಂದಿಲ್ಲ ಮೇಡಂ. ನಾಳೆ ಮಾಡ್ತೀನಿ,” ಎಂದು ಗೌನಕ್ಕ ಎದ್ದುಬಂದಳು. ಕನ್ನಡಕ ಸೆರಗಿನ ಗಂಟಿನಲ್ಲೇ ಇತ್ತು.

ಸಂಜೆ ಎರಡು ಬಸ್ಸು ಬದಲಿಸಿ ಸಿಳ್ಳೆಯ ಮನೆಗೆ ಹೋದಳು. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಸಿಳ್ಳೆಯ ಅತ್ತೆ ಮಗುವಿನ ಬಾಯಿಗೆ ಬಾಟಲಿ ಇಡಲು ನೋಡುತ್ತಿದ್ದಳು. ಮಗು ನಾಲಿಗೆಯಿಂದ ನೂಕಿ ನೂಕಿ ಅಳುತ್ತಿತ್ತು.

“ಬನ್ನಿ ಬನ್ನಿ, ನೀವೇ ಅಲ್ವಾ ಗೌನಕ್ಕ?” ಎಂದಳು ಮುದುಕಿ. “ಗಾಡೀಲಿ ಜೊತೆಗೆ ಹೋಗಿದ್ದು ನೀವಂತೆ. ಹೆತ್ತ ತಾಯಿ ಥರ ನೋಡ್ಕೊಂಡ್ರಂತೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಮುದುಕಿ ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ಸಿಳ್ಳೆ ಗೋಡೆಗೊರಗಿ ಕೂತಿದ್ದಳು. ಗಾಯದ ಪಟ್ಟಿ ರವಿಕೆಯ ಮೇಲೆ ಉಬ್ಬಿ ಕಾಣುತ್ತಿತ್ತು.

“ನಾನು ಯಾರ ಹತ್ರಾನೂ ನಿನ್ನ ಹೆಸರು ಹೇಳಿಲ್ಲ. ಹೆದರ್ಬೇಡ,” ಎಂದಳು. ಇಷ್ಟು ದಿನ ನೀವು ಎನ್ನುತ್ತಿದ್ದವಳು.

“ಹೆದರಿ ಬಂದಿಲ್ಲ ಕಣೆ.”

“ಹೆದರ್ತೀಯ. ಕಟ್ಟಿದ್ದೇ ಹೆದರಿ. ನನಗೆ ಅಯ್ಯೋ ಪಾಪ ಅಂತ ಕಟ್ಟಲಿಲ್ಲ ನೀನು. ಗೌನಿಗೆ ಹೆದರಿ ಕಟ್ಟಿದೆ.”

ಗೌನಕ್ಕ ತನ್ನ ಅಂಗೈ ನೋಡಿಕೊಂಡಳು.

“ಒಂದು ಕೇಳ್ತೀನಿ. ಅಷ್ಟು ಬಿಗಿ ಎಳೀತಿದ್ಯಲ್ಲ, ನಿನ್ನ ಕೈ ನೋಯ್ತಿರಲಿಲ್ವಾ?”

ನೋಯುತ್ತಿತ್ತು. ಅಂಗೈ ಕೆಂಪಾಗುತ್ತಿತ್ತು. ಗೌನಕ್ಕ ಅದನ್ನು ಬಿಟ್ಟು ಬೇರೆಯದೇ ಕೇಳಿದಳು.

“ಹಾಗಿದ್ರೆ ಯಾಕೆ ನನ್ನ ಹೆಸರು ಮುಚ್ಚಿಟ್ಟೆ?”

“ನೀನೊಬ್ಬಳೇ ನನಗೋಸ್ಕರ ಏನೋ ಒಂದು ಮಾಡಿದ್ದು,” ಎಂದಳು ಸಿಳ್ಳೆ. “ಬೇರೆಯವರು ಅದನ್ನೂ ಮಾಡಲಿಲ್ಲ.”

ಅಧಿಕಾರಿ ಬಂದ ದಿನ ತಾಯಿ-ಮಗು ಕೊಠಡಿ ಹೊಳೆಯುತ್ತಿತ್ತು. ಹೊಸ ಕುರ್ಚಿ, ನೀಲಿ ಪರದೆ, ಒಂದು ತೊಟ್ಟಿಲು. ತೊಟ್ಟಿಲಿನ ಪ್ಲಾಸ್ಟಿಕ್ ಹಾಳೆ ಹರಿಯಲು ಮರೆತಿದ್ದರು. ಗೌನಕ್ಕ ಹಿಂದಿನ ದಿನವಿಡೀ ನಲವತ್ತು ಗಂಟು ಹೊತ್ತು ಮಹಡಿಗೆ ಸಾಗಿಸಿದ್ದಳು. ಸೊಂಟ ಹಿಡಿದುಕೊಂಡಿತ್ತು. ಮೇಡಂ, ಗಡಿಯಾರ, ಅಧಿಕಾರಿ, ಬಾಗಿಲಲ್ಲಿ ಇವಳು. ಓಣಿಯಲ್ಲಿ ಊಟ ಮುಗಿಸಿ ಬಂದ ಎರಡನೇ ಲೈನಿನ ಹೆಂಗಸರು. ಮೇಡಂ ಕಾಗದವನ್ನು ಅಲ್ಲೇ ಮುಂದೆ ಹಿಡಿದರು.

“ಇವರು ನಮ್ಮ ಹಳೇ ಕೆಲಸಗಾರರು ಸರ್, ಎಲ್ಲಾ ಕಂಡಿದ್ದಾರೆ. ಅಕ್ಕಾ, ಸೈನ್.”

ಗೌನಕ್ಕ ಕನ್ನಡಕ ಹಾಕಿಕೊಂಡಳು. ಪೆನ್ನು ತೆಗೆದುಕೊಂಡಳು. ಆಮೇಲೆ ಪೆನ್ನನ್ನು ಕುರ್ಚಿಯ ಮೇಲೆ ಇಟ್ಟಳು.

“ಮಾಡಲ್ಲ.”

“ಅಕ್ಕಾ?”

“ಸುಳ್ಳಿಗೆ ಸೈನ್ ಮಾಡಲ್ಲ. ಅವಳು ದಿನಾ ಕೇಳಿದ್ಲು ಸ್ವಾಮಿ. ಕೈ ಮುಗಿದು ಕೇಳಿದ್ಲು. ಇವನು ಚೀಟಿ ಕೊಡಲಿಲ್ಲ, ನಾನು ಗೌನು ಕೊಡಲಿಲ್ಲ. ಈ ಕೋಣೇಲಿ ನಿನ್ನೆವರೆಗೆ ನನ್ನ ಗಂಟಿದ್ವು. ಮಹಡಿ ಮೇಲಿವೆ, ಹೋಗಿ ನೋಡಿ. ಎದೆ ಕಟ್ಟಿದ್ದು ಅವಳಲ್ಲ. ನಾನು.”

ಗಡಿಯಾರ ಗೋಡೆ ನೋಡಿದ. ಅಲ್ಲಿ ಗಡಿಯಾರ ಇರಲಿಲ್ಲ.

“ಯೋಚನೆ ಮಾಡಿ ಮಾತಾಡಿ ಅಕ್ಕಾ,” ಎಂದರು ಮೇಡಂ. “ನಿಮ್ಮ ಮೇಲೇ ಬರುತ್ತೆ.”

“ಬರ್ಲಿ. ನನ್ನ ಮೇಲೆ ಬರಬೇಕಾದ್ದು ನನ್ನ ಮೇಲೆ ಬರ್ಲಿ. ನಿಮ್ಮ ಮೇಲೆ ಬರಬೇಕಾದ್ದನ್ನ ಆ ಹುಡುಗಿ ಮೇಲೆ ಹಾಕಬೇಡಿ.”

ಅಧಿಕಾರಿ ಬರೆಯುತ್ತಿದ್ದವನು ತಲೆಯೆತ್ತಿದ. “ಅವಳೊಬ್ಬಳಿಗೇ ಕಟ್ಟಿದ್ದಾ?”

“ಅಲ್ಲ.”

“ಎಷ್ಟು ಜನಕ್ಕೆ?”

“ಎಣಿಸಿಲ್ಲ.”

ಓಣಿಯಲ್ಲಿ ಯಾರೋ ಒಬ್ಬಳು ಬಿಕ್ಕಿದಳು. ಹನ್ನೊಂದು ಹೊಡೆದು ಆಗಲೇ ಐದು ನಿಮಿಷವಾಗಿತ್ತು. ಒಬ್ಬಳೂ ಬೆಂಚಿನ ಕಡೆ ಹೋಗಲಿಲ್ಲ. “ಲೈನು, ಲೈನು,” ಎಂದ ಗಡಿಯಾರ. “ನಮಗೂ ಕಟ್ಟಿದ್ದಾಳೆ. ಮೊದಲು ಅದನ್ನ ಬರ್ಕೊಳ್ಳಲಿ,” ಎಂದಳು ಅವತ್ತು ಬಸ್ಸು ತಪ್ಪಿಸಿಕೊಂಡವಳು. ಬರೆದು ಮುಗಿಯುವವರೆಗೆ ಲೈನು ಶುರುವಾಗಲಿಲ್ಲ.

ಅದರಿಂದ ಎಲ್ಲ ಸರಿಹೋಯಿತೆಂದಲ್ಲ. ಸಿಳ್ಳೆಯನ್ನು ತೆಗೆಯುವ ಕಾಗದ ವಾಪಸಾಯಿತು. ತಿಂಗಳ ಮೇಲೆ ಅವಳು ಕೆಲಸಕ್ಕೆ ಹೋದಳು. ಅಷ್ಟರಲ್ಲಿ ಬಲಗಡೆಯ ಹಾಲೂ ನಿಂತಿತ್ತು. ಕೊಠಡಿ ಈಗ ತೆರೆದಿದೆ, ಅದರ ಕೀಲಿ ಗಡಿಯಾರನ ಹತ್ತಿರ ಇದೆ. ಸಹೋದ್ಯೋಗಿಯ ಮೈಗೆ ಹಾನಿ ಮಾಡಿದ್ದಕ್ಕಾಗಿ ಗೌನಕ್ಕನನ್ನು ಕೆಲಸದಿಂದ ತೆಗೆದರು. ಆ ಕಾಗದಕ್ಕೆ ಅವಳು ಸೈನ್ ಮಾಡಿದಳು. ಅದರಲ್ಲಿ ಬರೆದದ್ದು ನಿಜವಾಗಿತ್ತು.

ಕೆಲಸ ಬಿಟ್ಟ ಮೊದಲ ಸಂಜೆ ಅವಳು ಅಡುಗೆಕಟ್ಟೆಗೆ ಒರಗಿ ಕೂತಿದ್ದಳು. ಮಗ ಬಂದು ಚಪ್ಪಲಿ ಬಿಟ್ಟ.

“ಬೆರಳು ಮಡಚಿ ಏನಮ್ಮ ಎಣಿಸ್ತಿದ್ದೀಯ? ಇನ್ನೂ ಗೌನಾ?”

ಅವಳು ಒಬ್ಬೊಬ್ಬಳ ಮುಖ ನೆನಪು ಮಾಡಿಕೊಳ್ಳುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತವರು, ಹಾಗಾಗಿ ಕೆಲವರ ಬೆನ್ನು ಮಾತ್ರ ನೆನಪಿತ್ತು. ಒಬ್ಬಳ ಬೆನ್ನಲ್ಲಿ ಮಚ್ಚೆ ಇತ್ತು. ಇನ್ನೊಬ್ಬಳು ಎಳೆದಾಗಲೆಲ್ಲ ನಗುತ್ತಿದ್ದಳು. ತಪ್ಪಿತೆಂದು ಎರಡು ಸಲ ಮೊದಲಿಂದ ಎಣಿಸಿದಳು.

ಹದಿನಾಲ್ಕು ಹೆಂಗಸರು. ಹದಿನೈದು ಮಕ್ಕಳು, ಒಬ್ಬಳದು ಅವಳಿ. ಎದುರಿಗೆ ನಿಂತವನನ್ನೂ ಸೇರಿಸಿದರೆ ಹದಿನಾರು.